ನಲವತ್ತಮೂರು ಬಾಗಿಲುಗಳ ರಿಸೋಲತ್

ಯಾವ ಬಾಗಿಲಿಗೆ ಎಂದು ಕೇಳದೆ ರಿಸೋಲತ್ ಇದುವರೆಗೆ ಯಾರಿಗೂ ಬೀಗ ಕೊಟ್ಟಿಲ್ಲ. ಮಾರ್ಗಿಲಾನ್ ಊರಿನ ಬಜಾರಿನಲ್ಲಿ, ರೊಟ್ಟಿ ಮಾರುವವರ ಸಾಲು ಮುಗಿಯುವ ಕಡೆ, ಅವಳದೊಂದು ತಗಡಿನ ಗೂಡು. ಒಳಗೆ ಒಂದು ಮೇಜು, ಮೇಜಿಗೆ ಬಿಗಿದ ಅಪ್ಪನ ಕಾಲದ ಇಕ್ಕುಳ, ಗೋಡೆಯ ತುಂಬ ಅರಗಳು. ಗಟ್ಟಿಯಾದ ಬೀಗ ಒಂದು ಬೇಕೆಂದು ಯಾರಾದರೂ ಬಂದು ನಿಂತರೆ ಕೈಯಲ್ಲಿದ್ದ ಅರ ಕೆಳಗಿಡುತ್ತಾಳೆ.

"ಯಾವ ಬಾಗ್ಲಿಗೆ?"

"ಬಾಗ್ಲು ಬಾಗ್ಲೇ ಅಲ್ವಾ ಓಪಾ? ಮರದ್ದು."

"ಯಾವ ಮರ? ಚೌಕಟ್ಟು ಎಷ್ಟು ದಪ್ಪ ಇದೆ? ಬಿಜಾಗರಿ ಒಳಗಿದ್ಯೋ, ಹೊರಗಿದ್ಯೋ?"

ಗೊತ್ತಿಲ್ಲ ಎಂದರೆ ಬೀಗವೂ ಇಲ್ಲ. ಮಧ್ಯಾಹ್ನದ ಮೇಲೆ ಅವಳೇ ಚೀಲ ಹೆಗಲಿಗೆ ಹಾಕಿಕೊಂಡು ಬಂದು ಬಾಗಿಲು ನೋಡುತ್ತಾಳೆ. ಎದುರು ಸಾಲಿನ ಕೊಮಿಲ್ ಬೀಗಗಳನ್ನು ಮೀನಿನಂತೆ ದಾರಕ್ಕೆ ಪೋಣಿಸಿ ತೂಗುಹಾಕಿ ಮಾರುವವನು. ಅವನಿಗೆ ಇದೊಂದು ನಿತ್ಯದ ತಮಾಷೆ. "ಓಪಾ, ಬಾಗ್ಲಿನ ಜಾತಕಾನೂ ನೋಡ್ತೀರಾ, ಇಲ್ಲಾ ಅಗಲ ಉದ್ದ ಸಾಕಾ?" ಎಂದು ಅಲ್ಲಿಂದಲೇ ಕೂಗುತ್ತಾನೆ. "ನಿನ್ನ ಬೀಗ ಹಾಕಿರೋ ಬಾಗ್ಲಾದ್ರೆ ಆಯಸ್ಸು ಮಾತ್ರ ನೋಡ್ತೀನಿ," ಎಂದು ಇವಳು ಇಲ್ಲಿಂದ.

ಅವಳಿಗೆ ಐವತ್ತಾರು. ಅಪ್ಪ ಮಾಮಸಿದ್ದಿಕ್ ಉಸ್ತಾಗೆ ನಾಲ್ಕೂ ಹೆಣ್ಣುಮಕ್ಕಳು. ಮೂರನೆಯವಳಾದ ರಿಸೋಲತ್ ಐದನೆಯ ವಯಸ್ಸಿಗೇ ಅರದ ಪುಡಿಯಲ್ಲಿ ಆಡುತ್ತಿದ್ದಳು. ಹತ್ತರ ಹೊತ್ತಿಗೆ ಕಣ್ಣು ಮುಚ್ಚಿಕೊಂಡು ಕೀಲಿಕೈಯ ಹಲ್ಲು ಎಣಿಸಿ ಯಾರ ಮನೆಯದೆಂದು ಹೇಳುತ್ತಿದ್ದಳಂತೆ. ಮುಂದೆ ಹದಿನಾಲ್ಕು ವರ್ಷ ಬೀಗದ ಕಾರ್ಖಾನೆಯಲ್ಲಿ ಪರೀಕ್ಷೆಯ ವಿಭಾಗದಲ್ಲಿದ್ದಳು. ಕಾರ್ಖಾನೆ ಮುಚ್ಚಿದ ವಾರ ಅಪ್ಪನ ಗೂಡಿನ ತಗಡು ಎತ್ತಿ ಒಳಗೆ ಕೂತಳು. ಬಜಾರಿನವರು "ಉಸ್ತಾ ಓಪಾ" ಎಂದು ಕರೆಯತೊಡಗಿದ್ದು ಗೇಲಿಗೆ. ಕಸುಬು ಬಲ್ಲ ಗಂಡಸಿಗೆ ಉಸ್ತಾ ಅನ್ನುತ್ತಾರೆ, ಅಕ್ಕನಿಗೆ ಓಪಾ. ಎರಡನ್ನೂ ಸೇರಿಸಿದರೆ ಕೇಳಿದವರಿಗೆ ನಗು. ಎರಡು ಮೂರು ವರ್ಷಗಳಲ್ಲಿ ನಗು ಉದುರಿಹೋಯಿತು, ಹೆಸರು ಉಳಿಯಿತು.

ಹೆಂಗಸಾದದ್ದರಿಂದ ಒಂದು ಅನುಕೂಲವಿತ್ತು. ಗಂಡು ಉಸ್ತಾ ಬಂದರೆ ಮನೆಯ ಹೆಂಗಸರು ಒಳಗೆ ಸರಿಯುತ್ತಾರೆ, ಅವನಿಗೆ ಕಾಣುವುದು ಹೊರಬಾಗಿಲೊಂದೇ. ರಿಸೋಲತ್‌ಳನ್ನು ಅಡುಗೆಮನೆಯ ತನಕ ಕರೆದೊಯ್ದು ಚಹಾ ಕೊಡುತ್ತಾರೆ. ಯಾರು ಎಷ್ಟು ಹೊತ್ತಿಗೆ ಹೊರಡುತ್ತಾರೆ, ಯಾರು ಕೊನೆಗೆ ಬರುತ್ತಾರೆ, ಒಡವೆಯ ಪೆಟ್ಟಿಗೆ ಯಾವ ಗೋಡೆಯ ಪಕ್ಕ ಇದೆ, ಎಲ್ಲ ಅವಳ ಕಣ್ಣಿಗೆ ಬೀಳುತ್ತದೆ.

ಕೆಲಸದಲ್ಲಿ ಅವಳ ಗಮನ ಮೊದಲು ಹೋಗುವುದು ಚೌಕಟ್ಟಿಗೆ. ಬೀಗದ ನಾಲಿಗೆ ಹೋಗಿ ಕೂರುವ ಗೂಡು, ಅದರ ಮೇಲಿನ ತಗಡು, ಆ ತಗಡನ್ನು ಹಿಡಿದಿರುವ ತಿರುಪು ಮೊಳೆ. ಬೀಗದ ಡಬ್ಬಿಯಲ್ಲಿ ಬರುವ ಮೊಳೆಗಳು ಹೆಬ್ಬೆರಳ ಉಗುರಿನಷ್ಟು ಉದ್ದ. ಒಂದು ಒದೆತಕ್ಕೆ ಬೀಗ ಬಾಗಿಲಲ್ಲೇ ಉಳಿದು ಚೌಕಟ್ಟಿನ ಸಿಬಿರು ಎದ್ದು ಬರುತ್ತದೆ. ಅವಳು ಹಾಕುವುದು ನಡುಬೆರಳಿನಷ್ಟು ಉದ್ದದ ಮೊಳೆ, ಚೌಕಟ್ಟು ದಾಟಿ ಹಿಂದಿನ ತೊಲೆಯನ್ನು ಕಚ್ಚುವಂಥದ್ದು. ಬಾಗಿಲು ಹೊರಗೆ ತೆರೆಯುವಂತಿದ್ದರೆ ಬಿಜಾಗರಿಯ ಪಕ್ಕದಲ್ಲಿ ಎರಡು ಉಕ್ಕಿನ ಗೂಟ ಬಡಿಯುತ್ತಾಳೆ. ಬಾಗಿಲು ಮುಚ್ಚಿದಾಗ ಅವು ಚೌಕಟ್ಟಿನ ತೂತುಗಳಿಗೆ ಇಳಿಯುತ್ತವೆ. ಬಿಜಾಗರಿಯ ಕಡ್ಡಿ ಕಿತ್ತರೂ ಬಾಗಿಲು ಕದಲುವುದಿಲ್ಲ.

ಆ ಚಳಿಗಾಲದಲ್ಲಿ ಅವಳದೇ ಮೊಹಲ್ಲಾದಲ್ಲಿ ಎರಡು ಮನೆಗಳಿಗೆ ಕಳ್ಳರು ನುಗ್ಗಿದರು. ಎರಡೂ ಅವಳು ಬೀಗ ಹಾಕಿದ ಮನೆಗಳಲ್ಲ. ಮಾರ್ಚ್ ಕಳೆಯುವುದರೊಳಗೆ ಮೊಹಲ್ಲಾದ ನಲವತ್ತಮೂರು ಬಾಗಿಲುಗಳಿಗೆ ಅವಳು ಹೊಸ ಬೀಗ ಕೂರಿಸಿದಳು. ನಲವತ್ತಮೂರನೆಯದು ತೋಜಿಖಾನ್‌ಳ ಮನೆ.

ತೋಜಿಖಾನ್ ಅರವತ್ತರ ಗಟ್ಟಿ ಹೆಂಗಸು. ಬೀದಿಯವರಿಗೆಲ್ಲ ಖೋಲಾ, ಚಿಕ್ಕಮ್ಮ. ಗಂಡ ಎರ್ಗಾಶ್ ಹಾಜಿ ಲಾರಿ ಓಡಿಸಿ ನಿವೃತ್ತನಾದವನು. ಮಗ ರೇಷ್ಮೆಗೆ ಬಣ್ಣ ಹಾಕುವ ಕೆಲಸಕ್ಕೆ ಹೋಗುತ್ತಾನೆ. ಅವನಿಗೆ ಶರತ್ಕಾಲದಲ್ಲಷ್ಟೇ ಮದುವೆಯಾಗಿ ಮಹ್ಲಿಯೋ ಎಂಬ ಹತ್ತೊಂಬತ್ತರ ಸೊಸೆ, ಅಲ್ಲಿಯವರ ಮಾತಲ್ಲಿ ಕೆಲಿನ್, ಬಂದಿದ್ದಳು.

ಹೆಬ್ಬಾಗಿಲಿನ ಒಂದು ರೆಕ್ಕೆಯಲ್ಲಿ ಜನ ಓಡಾಡುವ ಪುಟ್ಟ ಬಾಗಿಲು. ರಿಸೋಲತ್ ಹೊರಗೆ ನಿಂತು ಹೇಳಿದಳು: "ಖೋಲಾ, ಒಳಗಿಂದ ಬೀಗ ಹಾಕಿ. ಹಾಕಿ ಹತ್ತು ಎಣ್ಸಿ."

ತೋಜಿಖಾನ್ ಎಂಟು ಎಣಿಸುವಷ್ಟರಲ್ಲಿ ಬಾಗಿಲು ತೆರೆಯಿತು. ರಿಸೋಲತ್‌ಳ ಕೈಯಲ್ಲಿ ಸುಣ್ಣ ಬಳಿಯುವವರ ತೆಳು ಪಟ್ಟಿಯೊಂದಿತ್ತು.

"ಅಯ್ಯೋ ನನ್ನ ಕರ್ಮವೇ! ನೀನು ಕಳ್ಳಿ ಆಗಿದ್ರೆ ನಮ್ಮ ಗತಿ ಏನು?"

"ಆಗಿದ್ರೆ ಇಷ್ಟೊತ್ತಿಗೆ ನಾನೂ ಹಜ್ಜಿಗೆ ಹೋಗಿ ಬಂದಿರ್ತಿದ್ದೆ. ಮನೇಲಿ ಎಷ್ಟು ಜನ ಖೋಲಾ?"

"ನಾಲ್ಕು."

"ಬೆಳಿಗ್ಗೆ ಮೊದ್ಲು ಹೊರಗೆ ಹೋಗೋರು ಯಾರು?"

"ನಮ್ಮವರು. ಬೆಳಗಿನ ನಮಾಜಿಗೆ. ಆಮೇಲೆ ಮಗ, ಏಳು ಗಂಟೆಗೆ. ನಾನೆಲ್ಲಿ ಹೋಗ್ಲಿ, ಬಜಾರು ಬಿಟ್ರೆ ಮನೆ."

ರಿಸೋಲತ್ ತಲೆಯಾಡಿಸಿದಳು. ಎರಡು ದಿನ ಕೆಲಸ ಮಾಡಿದಳು. ಎಳೆದರೆ ತಾನಾಗಿ ಬೀಳುವ ಬೀಗ; ಬಾಗಿಲನ್ನು ತಾನಾಗಿ ಮುಚ್ಚಿಸುವ ಸ್ಪ್ರಿಂಗು; ಚೌಕಟ್ಟಿಗೆ ಮೊಳ ಉದ್ದದ ಕಬ್ಬಿಣದ ಪಟ್ಟಿ. ಇಂಥ ಬೀಗಗಳಲ್ಲಿ ನಾಲಿಗೆಯನ್ನು ಒಳಗೇ ತಡೆದು ನಿಲ್ಲಿಸುವ ಪುಟ್ಟ ಗುಂಡಿಯೊಂದಿರುತ್ತದೆ. ಜನ ಅದನ್ನು ಒತ್ತಿಟ್ಟು ಮರೆತುಬಿಡುತ್ತಾರೆ ಎಂದು ಅವಳು ಪ್ರತಿ ಬೀಗ ಬಿಚ್ಚಿ ಆ ಗುಂಡಿಯನ್ನು ಕಿತ್ತು, ತೂತಿಗೆ ಹಿತ್ತಾಳೆ ತುಂಬಿ ಉಜ್ಜಿ ನುಣುಪು ಮಾಡುತ್ತಿದ್ದಳು. ನಲವತ್ತಮೂರು ಬೀಗಗಳಲ್ಲೂ ಹಾಗೇ ಮಾಡಿದ್ದಳು. ತನ್ನ ಕೆಲಸದಲ್ಲಿ ಅವಳಿಗೆ ಹೆಚ್ಚು ಹೆಮ್ಮೆ ಇದ್ದದ್ದು ಆ ಹಿತ್ತಾಳೆಯ ಚುಕ್ಕೆಯ ಬಗ್ಗೆ. ಮರೆವಿಗೇ ಬೀಗ ಹಾಕಿದ್ದೇನೆ ಎಂದು ಗಂಡನ ಮುಂದೆ ಹೇಳಿಕೊಂಡಿದ್ದಳು.

ಐದು ಕೀಲಿಕೈಗಳನ್ನು ತೋಜಿಖಾನ್ ಎಣಿಸಿ ತೆಗೆದುಕೊಂಡಳು. ಒಂದು ಗಂಡನಿಗೆ, ಒಂದು ಮಗನಿಗೆ, ಒಂದು ಪೆಟ್ಟಿಗೆಗೆ. ಉಳಿದ ಎರಡು ಅವಳ ಸೊಂಟದ ಚೀಲಕ್ಕೆ. ಮಹ್ಲಿಯೋ ತಲೆ ತಗ್ಗಿಸಿ ಚಹಾ ಸುರಿದು ಒಳಗೆ ಹೋದಳು.

ಇಪ್ಪತ್ತಮೂರು ದಿನಗಳ ನಂತರ ಬೆಳಗಿನ ಜಾವ ಆ ಮನೆಯಲ್ಲಿ ಕಳ್ಳತನವಾಯಿತು.

ಹೆಬ್ಬಾಗಿಲ ಪಕ್ಕದ ಅತಿಥಿ ಕೋಣೆಯಲ್ಲಿ ನಾದಿನಿಯ ಮಗಳ ಮದುವೆಗೆಂದು ಎತ್ತಿಟ್ಟಿದ್ದ ಆರು ಥಾನು ಅದ್ರಸ್ ರೇಷ್ಮೆ, ತೋಜಿಖಾನ್‌ಳ ಎರಡು ಜೊತೆ ಓಲೆ, ಗೋಡೆಯ ಮೇಲಿನ ಹಳೆಯ ಕಸೂತಿ ಹೊದಿಕೆ, ಎಲ್ಲ ಹೋಗಿದ್ದವು. ಎರ್ಗಾಶ್ ಹಾಜಿ ನಮಾಜು ಮುಗಿಸಿ ಬಂದು ಕೀಲಿಕೈ ಹಾಕಿಯೇ ಬಾಗಿಲು ತೆಗೆದಿದ್ದ. ಬೀಗ ನೆಟ್ಟಗಿತ್ತು, ಚೌಕಟ್ಟು ನೆಟ್ಟಗಿತ್ತು. ಪೊಲೀಸಿನವನು ಬಂದು ಸುತ್ತಲೂ ನೋಡಿ ಕಾಗದದಲ್ಲಿ ಬರೆದ: ಒಡೆದ ಗುರುತಿಲ್ಲ, ಕೀಲಿಕೈಯಿಂದ ತೆರೆದಿರುವ ಸಂಭವ.

ಆ ಒಂದು ಸಾಲು ಮಧ್ಯಾಹ್ನದೊಳಗೆ ಬಜಾರು ತಲುಪಿತು.

"ಐದು ಕೀಲಿಕೈಯೂ ಮನೇಲೇ ಇವೆಯಂತೆ," ಎಂದು ಕೊಮಿಲ್ ಗಿರಾಕಿಯೊಬ್ಬನಿಗೆ ಹೇಳುತ್ತಿದ್ದ, ಸಾಲಿನ ಆಚೆಗೂ ಕೇಳುವಂತೆ. "ಹಾಗಾದ್ರೆ ಆರನೇದು ಯಾರ ಹತ್ರ ಇತ್ತು? ನಾನು ಬೀಗ ಮಾರ್ತೀನಪ್ಪ, ಯಾರ ಮನೆ ಪೆಟ್ಟಿಗೆ ಎಲ್ಲಿದೆ ಅಂತ ನೋಡಿ ಬರಲ್ಲ."

ರಿಸೋಲತ್ ತಲೆ ಎತ್ತಲಿಲ್ಲ. ಕೈಯಲ್ಲಿದ್ದ ಕೀಲಿಕೈಯ ಹಲ್ಲು ಅಳತೆ ಮೀರಿ ಸವೆದುಹೋಯಿತು. ಅದನ್ನು ಕಸದ ಡಬ್ಬಿಗೆ ಹಾಕಿ ಇನ್ನೊಂದು ತೆಗೆದುಕೊಂಡಳು.

ಮಾರನೆಯ ದಿನ, ಬುಧವಾರ, ಮೊಹಲ್ಲಾದ ಹಿರಿಯ ನುರ್ಮತ್ ಓತಾ ತಾನೇ ಗೂಡಿನ ತನಕ ಬಂದ. ಎಂಬತ್ತರ ಬಿಳಿ ಗಡ್ಡದ ಮನುಷ್ಯ, ಬೀದಿಗೆಲ್ಲ ಓತಾ, ತಂದೆಯ ಸಮಾನ; ರಿಸೋಲತ್‌ಳ ಅಪ್ಪನ ಗೆಳೆಯ. ಕೂರಲಿಲ್ಲ.

"ಮಗಳೇ, ನಾನು ಕೇಳ್ತಿಲ್ಲ. ಜನ ಕೇಳ್ತಿದ್ದಾರೆ. ನಲವತ್ತಮೂರು ಮನೇಲಿ ನಿನ್ನ ಬೀಗ ಇದೆ. ಇವತ್ತು ಬೆಳಿಗ್ಗೆ ಒಂಬತ್ತು ಜನ ನನ್ನ ಹತ್ರ ಬಂದಿದ್ರು, ಬಿಚ್ಚಿಸ್ತೀವಿ ಅಂತ."

"ನಾನು ಹೆಚ್ಚಿಗೆ ಕೀಲಿಕೈ ಇಟ್ಕೊಳ್ಳಲ್ಲ ಓತಾ. ಅಪ್ಪನೂ ಇಟ್ಕೊಳ್ತಿರ್ಲಿಲ್ಲ."

"ಅದು ನಂಗೊತ್ತು. ಅವ್ರಿಗೆ ಗೊತ್ತಾಗ್ಬೇಕು. ಶುಕ್ರವಾರ ನಮಾಜ್ ಆದ್ಮೇಲೆ ಎರ್ಗಾಶ್ ಮನೆ ಅಂಗಳದಲ್ಲಿ ಸೇರ್ತೀವಿ. ಅಷ್ಟರಲ್ಲಿ ಬಾಗ್ಲು ಹೆಂಗೆ ತೆಗೀತು ಅಂತ ಹೇಳು. ಹೇಳೋಕಾಗ್ದಿದ್ರೆ..." ಮುದುಕ ಇಕ್ಕುಳದ ಮೇಲೆ ಒಮ್ಮೆ ಕೈಯಿಟ್ಟು, ಮಾತು ಮುಗಿಸದೆ ಹೊರಟ.

ಅವನು ಹೋದ ಕೂಡಲೇ ಅವಳು ಗೂಡು ಮುಚ್ಚಿದಳು. ತೋಜಿಖಾನ್‌ಳ ಮನೆಯಲ್ಲಿ ಈ ಸಲ ಯಾರೂ ಚಹಾ ಎಂದು ಕರೆಯಲಿಲ್ಲ. "ನೋಡ್ಕೋ," ಎಂದಷ್ಟೇ ಹೇಳಿ ತೋಜಿಖಾನ್ ಅಂಗಳದ ಮರದ ಜಗಲಿಯ ಮೇಲೆ ಬೆನ್ನು ತಿರುಗಿಸಿ ಕೂತಳು.

ರಿಸೋಲತ್ ಬೀಗ ಬಿಚ್ಚಿ ಭೂತಗನ್ನಡಿಯಿಂದ ನೋಡಿದಳು. ಕೀಲಿಕೈಯ ತೂತಿನಲ್ಲಿ ಗೀರಿಲ್ಲ. ತಂತಿ ಆಡಿಸಿದ್ದರೆ ಗೀರು ಇರಲೇಬೇಕು. ಉದ್ದ ಮೊಳೆಗಳು ಅವಳು ಬಿಗಿದ ಹಾಗೇ ಇದ್ದವು. ಆಮೇಲೆ ಚೌಕಟ್ಟಿನ ಗೂಡಿಗೆ ಕಿರುಬೆರಳು ತೂರಿಸಿದಳು. ಒಳಗೆ ಅವಳೇ ಬಳಿದಿದ್ದ ಜಿಡ್ಡು ಇತ್ತು. ಆ ಜಿಡ್ಡಿಗೆ ಅಂಟಿಕೊಂಡು ಕೆಂಪು ಎಳೆಗಳು ಬಂದವು, ನಾಲ್ಕಾರು. ರೇಷ್ಮೆಯದ್ದು.

ಅವಳು ಎಳೆಗಳನ್ನು ಬೆರಳ ನಡುವೆ ಹೊಸೆದಳು. ನಾಲಿಗೆಯ ಮೂತಿ ನೋಡಿದಳು. ಅಲ್ಲೂ ಒಂದು ಎಳೆ. ತಲೆ ಎತ್ತಿದಾಗ ಅಡುಗೆಮನೆಯ ಬಾಗಿಲಲ್ಲಿ ಮಹ್ಲಿಯೋ ನಿಂತಿದ್ದಳು. ಕೈಯಲ್ಲಿ ಖಾಲಿ ಬಕೆಟ್ಟು. ಮುಖ ಸುಣ್ಣದ ಹಾಗೆ.

"ಖೋಲಾ, ಈ ತಗಡು ಹಿಡ್ಕೊಳ್ಳೋಕೆ ಒಂದು ಕೈ ಬೇಕು. ಸೊಸೇನ ಕಳಿಸ್ತೀರಾ?"

"ಕರ್ಕೋ," ಎಂದಳು ತೋಜಿಖಾನ್, ತಿರುಗದೆ.

ಮಹ್ಲಿಯೋ ಬಂದು ತಗಡು ಹಿಡಿದಳು. ರಿಸೋಲತ್ ಸುತ್ತಿಗೆಯಿಂದ ಸುಮ್ಮನೆ ಕುಟ್ಟುತ್ತ, ಆ ಸದ್ದಿನ ಮರೆಯಲ್ಲಿ ಕೇಳಿದಳು: "ಏನಿಡ್ತಿದ್ದೆ? ಬಟ್ಟೇನಾ?"

ಹುಡುಗಿಯ ಕಣ್ಣು ತುಂಬಿತು. ಹೌದೆಂದು ತಲೆಯಾಡಿಸಿದಳು.

"ಅಳ್ಬೇಡ. ಅತ್ತೆ ತಿರುಗ್ತಾರೆ. ಹೇಳು."

ಹುಡುಗಿ ಹೇಳಿದ್ದು ಇಷ್ಟು. ಬೀಗ ಹಾಕಿದ ಮೊದಲ ದಿನ ಎಂದಿನಂತೆ ಬೆಳಕು ಹರಿಯುವ ಮುಂಚೆ ಪೊರಕೆ, ನೀರಿನ ಬಕೆಟ್ಟು ಹಿಡಿದು ಬಾಗಿಲ ಮುಂದಿನ ಬೀದಿ ಗುಡಿಸಲು ಹೊರಗೆ ಹೋದಳು. ಹಿಂದೆ ಬಾಗಿಲು ಟಕ್ಕೆಂದು ಬಿತ್ತು. ಮಾವ ನಮಾಜಿಗೆ ಹೋಗಿದ್ದ. ಬಾಗಿಲು ಬಡಿದು ಅತ್ತೆಯನ್ನು, ಗಂಡನನ್ನು ಎಬ್ಬಿಸುವ ಧೈರ್ಯ ಬರಲಿಲ್ಲ. ಅರ್ಧ ಗಂಟೆ ಬೀದಿಯಲ್ಲಿ ನಿಂತಳು. ಎದುರುಮನೆಯ ಮುದುಕಿ ನೋಡಿ, "ಏನ್ ಕೆಲಿನ್, ಇಷ್ಟು ಬೇಗ ಮನೆಯಿಂದ ಹೊರಗೆ ಹಾಕಿದ್ರಾ?" ಎಂದು ನಕ್ಕಳು. ಆ ಮಾತು ಸಂಜೆಯೊಳಗೆ ಅತ್ತೆಯ ಕಿವಿಗೆ ಬಿತ್ತು. ಬೀದಿಯವರ ಮುಂದೆ ಹಾಗೆ ನಿಂತಿದ್ದಕ್ಕೆ ಬೈಗುಳ ಸಿಕ್ಕಿತು. ಬಾಗಿಲು ತೆರೆದಿಟ್ಟು ಹೋಗಬಾರದೆಂದು ಅಪ್ಪಣೆಯೂ ಆಯಿತು, ಊರಲ್ಲಿ ಕಳ್ಳರಿದ್ದಾರೆ. ಮಾರನೆಯ ದಿನದಿಂದ ಅವಳು ಕೆಂಪು ಅದ್ರಸ್ ರೇಷ್ಮೆಯ ಚೂರೊಂದನ್ನು ಮಡಿಸಿ ಗೂಡಿಗೆ ತುರುಕಿ ಬಾಗಿಲು ಎಳೆದುಕೊಳ್ಳುತ್ತಿದ್ದಳು. ನೋಡಿದರೆ ಮುಚ್ಚಿದ ಬಾಗಿಲು; ತಳ್ಳಿದರೆ ತೆರೆಯುವ ಬಾಗಿಲು. ತಮ್ಮ ಮನೆಯ ಮುಂದೆ ಮುಗಿದ ಮೇಲೆ ಮೂಲೆಯಾಚೆ ಒಂಟಿ ಮುದುಕಿಯೊಬ್ಬಳ ಮನೆಯ ಮುಂದೆಯೂ ಗುಡಿಸುತ್ತಿದ್ದಳು. ಸೊಸೆ ಎರಡು ಮನೆ ಗುಡಿಸುತ್ತಾಳೆ ಎಂದು ಅತ್ತೆ ಎಲ್ಲರ ಮುಂದೆ ಹೇಳಿಕೊಳ್ಳುತ್ತಿದ್ದಳು. ಆ ಹದಿನೈದು ನಿಮಿಷ ಬಾಗಿಲು ಅವಳ ಕಣ್ಣಿಗೆ ಬೀಳುತ್ತಿರಲಿಲ್ಲ.

"ವಾಪಸ್ ಬಂದಾಗ ಬಟ್ಟೆ ಗೂಡಲ್ಲೇ ಇತ್ತು," ಎಂದಳು ಮಹ್ಲಿಯೋ. "ತೆಗೆದು ಬಾಗ್ಲು ಎಳ್ದೆ. ಒಳಗೆ ಹೋದೋರು ಬಂದೋರು ಯಾರೂ ಕಾಣ್ಲಿಲ್ಲ. ಉಸ್ತಾ ಓಪಾ, ಹೇಳ್ಬಿಡ್ತೀರಾ? ನನ್ನ ತವರಿಗೆ ಕಳಿಸ್ಬಿಡ್ತಾರೆ. ಆರು ತಿಂಗ್ಳೂ ಆಗಿಲ್ಲ..."

ರಿಸೋಲತ್ ಕೊನೆಯ ಮೊಳೆ ಬಿಗಿದು, ತಗಡಿನ ಮೇಲೆ ಅಂಗೈ ಒರಸಿ, "ಸಾಕು ಬಿಡು, ಗಟ್ಟಿಯಾಗಿದೆ," ಎಂದು ಎಲ್ಲರಿಗೂ ಕೇಳುವಂತೆ ಹೇಳಿದಳು.

ಮನೆಗೆ ಬಂದು ಗಂಡನಿಗೆ ಮಾತ್ರ ಹೇಳಿದಳು. ಅಬ್ದುಮಜಿದ್ ಶಾಲೆಯಲ್ಲಿ ಭೂಗೋಳ ಕಲಿಸುವವನು, ಎಲ್ಲವನ್ನೂ ನೇರವಾಗಿ ನೋಡುವ ಮನುಷ್ಯ.

"ಮತ್ತೇನು, ಮುಗೀತಲ್ಲ. ಶುಕ್ರವಾರ ಹೇಳ್ಬಿಡು. ನಿನ್ನ ಬೀಗ ಸೋತಿಲ್ಲ."

"ಹೇಳಿದ್ರೆ ನನ್ನ ಹೆಸ್ರು ಉಳಿಯತ್ತೆ. ಆ ಹುಡುಗಿ ಉಳಿಯಲ್ಲ."

"ಹೇಳ್ದಿದ್ರೆ?"

"ಆ ಹುಡುಗಿ ಉಳೀತಾಳೆ. ಅಪ್ಪನ ಗೂಡು ಉಳಿಯಲ್ಲ."

ಅಬ್ದುಮಜಿದ್ ಚಹಾದ ಬಟ್ಟಲು ಅವಳ ಕಡೆ ಸರಿಸಿದ. ಅವಳು ಅದನ್ನು ಮುಟ್ಟದೆ ಹೇಳಿದಳು: "ಬೆಳಿಗ್ಗೆ ಮೊದ್ಲು ಹೊರಗೆ ಹೋಗೋರು ಯಾರು ಅಂತ ಕೇಳ್ದೆ. ನಮ್ಮವರು ಅಂದ್ರು. ನಾನು ಸರಿ ಅಂದೆ. ಈ ಮನೆಗೆ ಬಂದ ಮೇಲೆ ಏಳು ವರ್ಷ ನಾನೇ ಗುಡ್ಸಿದ್ದೀನಿ ಕಣ್ರೀ. ಕಾರ್ಖಾನೆಗೆ ಹೋಗೋಕೆ ಮುಂಚೆ, ದಿನಾ. ನಂಗೇ ನೆನಪಾಗ್ಲಿಲ್ಲ."

ಅವಳು ಯೋಚಿಸುತ್ತಿದ್ದುದು ಹಿತ್ತಾಳೆಯ ಚುಕ್ಕೆಗಳ ಬಗ್ಗೆ. ಆ ಗುಂಡಿ ಇದ್ದಿದ್ದರೆ ಹುಡುಗಿ ಬಟ್ಟೆ ತುರುಕುತ್ತಿರಲಿಲ್ಲ, ಗುಂಡಿ ಒತ್ತುತ್ತಿದ್ದಳು. ಆಗಲೂ ಬಾಗಿಲು ತೆರೆದೇ ಇರುತ್ತಿತ್ತು. ಗುಂಡಿಯಿಂದ ಪ್ರಯೋಜನವಿಲ್ಲ, ಚುಕ್ಕೆಯಿಂದಲೂ ಇಲ್ಲ. ಹಾಗಾದರೆ ಉಳಿದ ನಲವತ್ತೆರಡು ಬಾಗಿಲುಗಳಲ್ಲಿ ಏನು ನಡೆಯುತ್ತಿದೆ? ಅಲ್ಲಿಯೂ ಸೊಸೆಯಂದಿರಿದ್ದಾರೆ, ಅಲ್ಲಿಯೂ ಬೆಳಗಾಗುತ್ತದೆ.

ಗುರುವಾರ ಬೆಳಿಗ್ಗೆ ಒಂಬತ್ತಕ್ಕೆ ಜಿಡ್ಡಿನ ಡಬ್ಬಿ ಹಿಡಿದು ಮೊದಲ ಬಾಗಿಲಿಂದ ಶುರುಮಾಡಿದಳು. "ಬೀಗಕ್ಕೆ ಎಣ್ಣೆ ಹಾಕ್ಬೇಕು," ಎಂದಷ್ಟೇ ಎಲ್ಲ ಕಡೆ ಹೇಳಿದ್ದು. ಕೆಲವರು ಮುಖ ಕೊಡದೆ ಒಳಗೆ ಬಿಟ್ಟರು. ಒಬ್ಬಾಕೆ, "ಎಣ್ಣೆ ಹಾಕಿದ್ರೆ ಆರನೇ ಕೀಲಿಕೈ ಇನ್ನೂ ಸಲೀಸಾಗಿ ತಿರುಗತ್ತೇನೋ," ಎಂದಳು. ರಿಸೋಲತ್ ಆ ಬೀಗಕ್ಕೂ ಅಷ್ಟೇ ನಿಧಾನವಾಗಿ ಎಣ್ಣೆ ಹಾಕಿದಳು. ಗೂಡಿನೊಳಗೆ ಬೆರಳಾಡಿಸಿದಳು, ಚೌಕಟ್ಟಿನ ಸಂದಿ, ಮೇಲಿನ ಪಟ್ಟಿ, ಮೀಟರಿನ ಹಿಂದೆ, ಹೂವಿನ ಕುಂಡದ ಅಡಿ, ಗುಡಿಸಿ ಬಂದ ಕೈ ಸುಲಭವಾಗಿ ಮುಟ್ಟುವ ಕಡೆಗಳನ್ನೆಲ್ಲ ನೋಡಿದಳು. ಸಿಕ್ಕಿದ್ದನ್ನು ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಮೂರು ಮನೆಗಳಲ್ಲಿ ಸೊಸೆಯಂದಿರು ಅವಳ ಕೈ ಹೋದ ಜಾಗ ನೋಡಿ ಸ್ತಬ್ಧರಾದರು. ಅವರಿಗೆ ಕಣ್ಣಲ್ಲೇ ಸುಮ್ಮನಿರು ಎಂದಳು. ಸಂಜೆ ಐದಕ್ಕೆ ನಲವತ್ತೆರಡನೆಯ ಬಾಗಿಲು ಮುಗಿಯಿತು.

ಶುಕ್ರವಾರ ಎರ್ಗಾಶ್ ಹಾಜಿಯ ಅಂಗಳ ತುಂಬಿತು. ದ್ರಾಕ್ಷಿಯ ಚಪ್ಪರದ ಕೆಳಗೆ ಗಂಡಸರು, ಅಡುಗೆಮನೆಯ ಕಡೆ ಹೆಂಗಸರು. ಕೊಮಿಲ್ ಕಂಕುಳಲ್ಲಿ ಹೊಸ ಬೀಗದ ಡಬ್ಬಿ ಇಟ್ಟುಕೊಂಡೇ ಬಂದಿದ್ದ.

"ಹೇಳಮ್ಮ," ಎಂದ ನುರ್ಮತ್ ಓತಾ.

ರಿಸೋಲತ್ ಜಗಲಿಯ ಮುಂದೆ ಬಂದು ನಿಂತಳು. ಏಪ್ರನ್ನಿನ ಜೇಬು ತಿರುವಿ ಹಲಗೆಯ ಮೇಲೆ ಸುರಿದಳು. ಕಂಬಳಿಯ ಚೂರುಗಳು, ಮಡಿಸಿದ ಚಿಂದಿಗಳು, ಜೋಳದ ದಿಂಡಿನ ತುಂಡು, ಚಪ್ಪಟೆಯಾದ ಬೆಂಕಿಪೊಟ್ಟಣ, ಹಳೆಯ ಚಪ್ಪಲಿಯ ತೊಗಲು, ಬಾಟಲಿಯ ಬಿರಡೆ, ಮೇಣದ ಉಂಡೆ.

"ಇದೇನು, ಇಲಿ ಗೂಡಾ?" ಎಂದು ಯಾರೋ ನಕ್ಕರು.

"ಇಪ್ಪತ್ತಾರು ಇವೆ. ನಾನು ಬೀಗ ಹಾಕಿದ ಮನೆಗಳಲ್ಲೇ ಸಿಕ್ಕಿದ್ದು. ಒಂದೊಂದ್ರ ಮೇಲೂ ನನ್ನ ಬೀಗದ ನಾಲಿಗೆ ಗುರುತಿದೆ, ಕೈಗೆ ತಗೊಂಡು ನೋಡಿ." ಅವಳ ದನಿ ಬಜಾರಿನಲ್ಲಿ ಕೀಲಿಕೈಯ ಅಳತೆ ಹೇಳುವಾಗಿನಷ್ಟೇ ಸಮವಾಗಿತ್ತು. "ಇದನ್ನ ಗೂಡಿಗೆ ತುರುಕಿ ಬಾಗ್ಲು ಎಳ್ದ್ರೆ, ಬಾಗ್ಲು ಮುಚ್ಚತ್ತೆ, ಬೀಗ ಬೀಳಲ್ಲ. ಕಳ್ಳ ಬೀಗ ಒಡೀಬೇಕಾಗಿಲ್ಲ, ಕೀಲಿಕೈ ಬೇಕಾಗಿಲ್ಲ. ಒಂದು ಬೆರಳಲ್ಲಿ ತಳ್ಳಿದ್ರೆ ಸಾಕು."

"ಯಾರು ತುರುಕೋರು? ಯಾಕೆ?" ಎಂದ ಎರ್ಗಾಶ್ ಹಾಜಿ.

"ಯಾಕೆ ಅಂದ್ರೆ, ತಪ್ಪು ನಂದು ಹಾಜಿ. ನೀವು ನಮಾಜಿಗೆ ಹೋದ್ಮೇಲೆ ಈ ಮೊಹಲ್ಲಾದಲ್ಲಿ ಪ್ರತಿ ಮನೆಯಿಂದ ಇನ್ನೊಬ್ಳು ಹೊರಗೆ ಬರ್ತಾಳೆ, ಪೊರಕೆ ಹಿಡ್ಕೊಂಡು. ಅವ್ಳ ಒಂದು ಕೈಲಿ ಪೊರಕೆ, ಒಂದು ಕೈಲಿ ಬಕೆಟ್ಟು. ಕೀಲಿಕೈ ಮಾತ್ರ ಯಾವ ಕೈಲೂ ಇಲ್ಲ. ನಾನು ಎಳೆದ ಕೂಡ್ಲೇ ಬೀಳೋ ಬೀಗ ಹಾಕಿ, ತಡೆಯೋ ಗುಂಡೀನೂ ಕಿತ್ತು ಹೋದೆ. ಅವ್ಳು ಬೀದೀಲಿ ನಿಂತು ಏನು ಮಾಡ್ಬೇಕಿತ್ತು? ಮಾವನ ಬಾಗ್ಲು ದಬದಬ ಬಡೀಬೇಕಿತ್ತಾ?"

ನುರ್ಮತ್ ಓತಾ ರಾಶಿಯಿಂದ ನೀಲಿ ಅಂಚಿನ ಚೂರೊಂದನ್ನು ಎತ್ತಿ ಕಣ್ಣ ಹತ್ತಿರ ಹಿಡಿದ. ತಿರುಗಿಸಿ ನೋಡಿದ.

"ತಡಿ. ಇದು ನಮ್ಮನೆ ಜಮಖಾನೆ ಅಲ್ವಾ? ಮೂಲೆ ಇಲಿ ಕಡೀತು ಅಂತ ನಮ್ಮ ಕೆಲಿನ್ ಹೇಳಿದ್ಲು!"

ಮೊದಲು ನಕ್ಕವಳು ಅವನ ಹೆಂಡತಿ. ಆಮೇಲೆ ಅಂಗಳವೇ ನಕ್ಕಿತು. "ಓತಾ, ನಿಮ್ಮನೆ ಇಲಿಗೆ ಬೀಗದ ಅಳತೇನೂ ಗೊತ್ತಿದೆ," ಎಂದ ಯಾರೋ. ಮುದುಕ ಗಡ್ಡದೊಳಗೇ ನಗುತ್ತ ಚೂರನ್ನು ಟೋಪಿಯೊಳಗೆ ಸಿಕ್ಕಿಸಿಕೊಂಡ.

ನಗದೆ ಕೂತಿದ್ದವಳು ತೋಜಿಖಾನ್ ಒಬ್ಬಳೇ. ಅವಳ ಕಣ್ಣು ರಾಶಿಯಲ್ಲಿ ತಮ್ಮ ಮನೆಯ ಬಟ್ಟೆಗಾಗಿ ಹುಡುಕುತ್ತಿತ್ತು. "ಇದ್ರಲ್ಲಿ ನಮ್ಮನೇದು ಯಾವುದು?" ಎಂದು ಕೇಳಿದಳು. ನಗು ನಿಂತಿತು. ಅಡುಗೆಮನೆಯ ಬಾಗಿಲಲ್ಲಿ ಮಹ್ಲಿಯೋ ಚಹಾದ ತಟ್ಟೆ ಹಿಡಿದು ಹಾಗೇ ನಿಂತಳು.

"ಯಾವುದು ಯಾರದ್ದು ಅಂತ ನಾನು ಗುರುತು ಹಾಕಿಲ್ಲ ಖೋಲಾ. ಹಾಕೋದೂ ಇಲ್ಲ. ಈ ಅಂಗಳದಲ್ಲಿ ಇಷ್ಟು ಜನ ಹೆಂಗಸರಿದ್ದಾರೆ. ಮದ್ವೆಯಾದ ಮೊದಲ ವರ್ಷ ಬಾಗ್ಲಿಗೆ ಏನೂ ಇಡದೇ ಇದ್ದವರು ಯಾರಾದ್ರೂ ಇದ್ರೆ ಮುಂದೆ ಬರ್ಲಿ. ನಾನು ಒಂದು ಮುರಿದ ಕತ್ರಿ ಇಡ್ತಿದ್ದೆ."

"ನಾನು ಕಟ್ಟಿಗೆ," ಎಂದಳು ನುರ್ಮತ್ ಓತಾನ ಹೆಂಡತಿ. "ಹಿಟ್ಟಿನ ಉಂಡೆ," ಎಂದು ಹಿಂದಿನಿಂದ ಯಾರೋ. ಎಲ್ಲರೂ ತೋಜಿಖಾನ್‌ಳ ಕಡೆ ನೋಡಿದರು. ಅವಳು ತುಟಿ ಬಿಗಿಹಿಡಿದು ಕೂತಿದ್ದಳು. ಕೊನೆಗೆ ಗಂಡನ ಕಡೆ ನೋಡದೆ ಹೇಳಿದಳು: "ಇಟ್ಟಿಗೆ. ನಾನು ಇಟ್ಟಿಗೆ ಇಟ್ಟು ಹೋಗ್ತಿದ್ದೆ. ಒಂದಿನ ಪಕ್ಕದ ಮನೆ ಕುರಿ ನುಗ್ಗಿ ನಾದಿಟ್ಟ ಹಿಟ್ಟೆಲ್ಲ ತಿಂದ್ಹೋಯ್ತು. ನಮ್ಮತ್ತೆ ಸಾಯೋವರೆಗೂ ಅದು ಬೆಕ್ಕು ಅಂತ್ಲೇ ನಂಬಿದ್ರು."

"ಬೆಕ್ಕಲ್ವಾ?" ಎಂದ ಎರ್ಗಾಶ್ ಹಾಜಿ, ನಿಜವಾಗಿಯೂ ಬೆರಗಾಗಿ. ಇನ್ನೊಂದು ಸಲ ಅಂಗಳ ನಕ್ಕಿತು. ಈ ಸಲ ತೋಜಿಖಾನ್‌ಳ ಹೆಗಲೂ ಕುಲುಕಿತು.

ಕೊಮಿಲ್ ಡಬ್ಬಿಯನ್ನು ಇನ್ನೊಂದು ಕಂಕುಳಿಗೆ ಸರಿಸಿದ. "ಹಾಗಾದ್ರೆ ಬೀಗ ಬದಲಾಯಿಸಿದ್ರೆ ಸರಿಹೋಗಲ್ವಾ?"

"ಹೋಗಲ್ಲ. ನಿನ್ನದಕ್ಕೆ ಬಟ್ಟೆಚೂರೂ ಬೇಕಾಗಲ್ಲ, ಉಸಿರು ಬಿಟ್ರೆ ಸಾಕು," ಎಂದಳು ರಿಸೋಲತ್. ಆಮೇಲೆ ತೋಜಿಖಾನ್‌ಗೆ: "ಖೋಲಾ, ಚೌಕಟ್ಟು ಗಟ್ಟಿ ಮಾಡ್ದೆ, ಉದ್ದ ಮೊಳೆ ಹಾಕ್ದೆ, ಕಬ್ಬಿಣದ ಪಟ್ಟಿ ಹಾಕ್ದೆ. ಇನ್ನು ಉಳಿದಿರೋದು ಒಂದೇ. ಗುಡಿಸೋಕೆ ಹೋಗೋಳ ಕೊರಳಿಗೆ ಒಂದು ಕೀಲಿಕೈ."

"ಮದ್ವೆಯಾಗಿ ವರ್ಷ ತುಂಬಿಲ್ಲ, ಆಗ್ಲೇ ಕೀಲಿಕೈ! ನನ್ನ ಕೈಗೆ ಈ ಮನೆ ಕೀಲಿಕೈ ಬಂದಿದ್ದು ಹನ್ನೊಂದು ವರ್ಷದ ಮೇಲೆ. ಅತ್ತೆ ತೀರ್ಕೊಂಡ ದಿನ."

"ಆ ಹನ್ನೊಂದು ವರ್ಷ ಬರ್ತಿದ್ದಿದ್ದು ಕುರಿ ಖೋಲಾ. ಈಗ ಬರ್ತಿರೋದು ಕುರಿ ಅಲ್ಲ."

ನುರ್ಮತ್ ಓತಾ ಗಂಟಲು ಸರಿಮಾಡಿಕೊಂಡ. "ಆರನೇ ಕೀಲಿಕೈ ಅಂತ ಯಾವುದೂ ಇಲ್ಲ. ನಾನೇ ಠಾಣೆಗೆ ಹೋಗಿ ಬರೆಸಿ ಬರ್ತೀನಿ. ಇನ್ನು ಆ ಮಾತು ಯಾರ ಬಾಯಲ್ಲೂ ಬರ್ಬಾರ್ದು." ಕೊಮಿಲ್ ಇದ್ದ ಕಡೆ ಒಮ್ಮೆ ನೋಡಿದ. "ಸೋಮವಾರದೊಳಗೆ ನಮ್ಮನೆ ಕೆಲಿನ್‌ಗೂ ಒಂದು ಕೀಲಿಕೈ ಮಾಡಿಕೊಡು ರಿಸೋಲತ್. ಜಮಖಾನೆ ಉಳೀಲಿ."

ತೋಜಿಖಾನ್ ಸೊಂಟದ ಚೀಲದ ದಾರ ಬಿಚ್ಚಲು ಬಹಳ ಹೊತ್ತು ತೆಗೆದುಕೊಂಡಳು. ಎರಡರಲ್ಲಿ ಒಂದನ್ನು ಆರಿಸಿದಳು. "ಕೆಲಿನ್, ಬಾ ಇಲ್ಲಿ." ಮಹ್ಲಿಯೋ ತಟ್ಟೆ ಕೆಳಗಿಟ್ಟು ಬಂದಳು. ಅತ್ತೆ ಕೀಲಿಕೈಯನ್ನು ಅವಳ ಅಂಗೈಯಲ್ಲಿಟ್ಟು ಬೆರಳುಗಳನ್ನು ತಾನೇ ಮಡಚಿದಳು. "ಕಳ್ಕೊಂಡ್ರೆ ನೋಡು," ಎಂದಳು. ಕೈಯನ್ನು ತಕ್ಷಣ ಬಿಡಲಿ‌ಲ್ಲ.

"ಹೋಗಿ ಹಾಕಿ ನೋಡು. ಹೊರಗಿಂದ," ಎಂದಳು ರಿಸೋಲತ್.

ಹುಡುಗಿ ಪುಟ್ಟ ಬಾಗಿಲಿಂದ ಬೀದಿಗೆ ಇಳಿದಳು. ಬಾಗಿಲು ಟಕ್ಕೆಂದು ಮುಚ್ಚಿತು. ಅಷ್ಟೂ ಜನ ಒಳಗೆ ನಿಂತು ಕೀಲಿಕೈ ತೂತಿಗೆ ಇಳಿಯುವ ಸದ್ದು ಕೇಳಿದರು. ಅದು ತಿರುಗಿತು, ನಡುವೆ ತಡೆಯಿತು, ಮತ್ತೆ ತಿರುಗಿತು. ಬಾಗಿಲು ತೆರೆದು ಮಹ್ಲಿಯೋ ಹೊಸ್ತಿಲಲ್ಲಿ ನಿಂತಳು. ಮದುವೆಯಾದಾಗಿನಿಂದ ಮಾವನ ಎದುರು ಅವಳು ಗಟ್ಟಿಯಾಗಿ ಮಾತಾಡಿದ್ದನ್ನು ಆ ಮನೆಯವರು ಕೇಳಿರಲಿಲ್ಲ.

"ಉಸ್ತಾ ಓಪಾ, ಸ್ವಲ್ಪ ಬಿಗಿ ಇದೆ. ಎಡಗಡೆ ಹಿಡಿಯತ್ತೆ."

ತೋಜಿಖಾನ್ ಬಾಯಿ ತೆರೆದಳು. ಏನು ಅನ್ನಿಸಿತೋ, ಪಕ್ಕದವಳ ಕಡೆ ತಿರುಗಿ ತಗ್ಗಿದ ದನಿಯಲ್ಲಿ ಹೇಳಿದಳು: "ನೋಡಿದ್ಯಾ, ನಮ್ಮ ಕೆಲಿನ್‌ಗೆ ಎಷ್ಟು ಸೂಕ್ಷ್ಮ!"

ರಿಸೋಲತ್ ಚೀಲದಿಂದ ಸಣ್ಣ ಅರ ತೆಗೆದಳು. ಹೊಸ್ತಿಲ ಮೇಲೆ ಕೂತು ಕೀಲಿಕೈಯನ್ನು ಬೆಳಕಿಗೆ ಹಿಡಿದು ನೋಡಿದಳು. ಹುಡುಗಿ ಹೇಳಿದ್ದು ಸರಿಯಾಗಿತ್ತು, ಮೂರನೆಯ ಹಲ್ಲಿನ ಎಡ ಅಂಚಿನಲ್ಲಿ ಕೂದಲೆಳೆಯಷ್ಟು ಹೆಚ್ಚಿತ್ತು. ಎರಡು ಸಲ ಉಜ್ಜಿ, ಪುಡಿ ಊದಿ, ಕೀಲಿಕೈಯನ್ನು ವಾಪಸ್ ಕೊಟ್ಟಳು.

"ಈಗ ನೋಡು."